ಕಾಲು ಮೈಲಿ ಓಟಕ್ಕೆ ಹೋಬಳಿಯ ಲೇತ್

ಯೆಜ್ಡಿ ಬೈಕು ತಯಾರಿಸುತ್ತಿದ್ದ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಆದರೂ ಮೈಸೂರು ಸೀಮೆಯ ರಸ್ತೆಗಳಲ್ಲಿ ಅದರ ಸದ್ದು ಇನ್ನೂ ನಿಂತಿಲ್ಲ. ಬಿಡಿಭಾಗ ಎಲ್ಲಿ ಸಿಗುತ್ತದೆ ಅಂದರೆ, ಸ್ವಲ್ಪ ಗುಜರಿಯಲ್ಲಿ, ಸ್ವಲ್ಪ ಹಳೇ ಅಂಗಡಿಗಳ ಅಟ್ಟದ ಮೇಲೆ, ಇನ್ನು ಸ್ವಲ್ಪ ಈಚೆಗೆ ನಕಲು ಹೊಡೆದು ಪ್ಯಾಕೆಟ್ಟಿನಲ್ಲಿ ಮಾರುವವರ ಹತ್ತಿರ. ಇಷ್ಟೂ ಕಡೆ ಸುತ್ತಿ ಬರಿಗೈಲಿ ಬಂದವರಿಗೆ ಉಳಿಯುವುದು ಲೇತ್ ಅಂಗಡಿ. ಅಲ್ಲಿ ಪಾರ್ಟು ಕೊಳ್ಳುವ ಮಾತಿಲ್ಲ, ಮಾಡಿಸಬೇಕು. ಹಳೇ ಗಾಡಿಯನ್ನು ನೇರ ಓಟದ ಪಂದ್ಯಕ್ಕೆ, ಅಂದರೆ ಡ್ರ್ಯಾಗ್ ರೇಸಿಗೆ ಅಂತ ಕಟ್ಟಲು ಹೊರಟವರ ಪಾಲಿಗಂತೂ ಅರ್ಧ ಗಾಡಿ ಅಲ್ಲೇ ಹುಟ್ಟಬೇಕು.

ಕೃಷ್ಣರಾಜನಗರ ತಾಲ್ಲೂಕಿನ ಹೊಸ ಅಗ್ರಹಾರದ ಕಡೆಯಿಂದ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆವರೆಗೆ ಈ ಅಂಗಡಿಗಳ ಮುಖ ಒಂದೇ. ಮುಂದೆ ತಗಡಿನ ಚಪ್ಪರ, ಚಪ್ಪರದಡಿ ನೊಗ ಕಳಚಿದ ಟ್ರ್ಯಾಕ್ಟರ್ ಟ್ರೈಲರ್, ಒಳಗೆ ಎಣ್ಣೆ ಕುಡಿದು ಕಪ್ಪಾದ ನೆಲದ ಮೇಲೊಂದು ಲೇತ್, ಮೂಲೆಯಲ್ಲಿ ಡ್ರಿಲ್ಲಿಂಗ್ ಮೆಷಿನ್ನು, ವೆಲ್ಡಿಂಗ್ ಸೆಟ್ಟು. ಕೆಲಸ ನಡೆಯುವುದು ಬೇಸಾಯದ ಪಂಚಾಂಗದಂತೆ. ನಾಲೆಗೆ ನೀರು ಬಿಟ್ಟರೆ ಟಿಲ್ಲರು, ರೋಟವೇಟರು. ನಾಲೆ ನಿಂತರೆ ಪಂಪ್‌ಸೆಟ್ಟಿನ ಶಾಫ್ಟು. ಕಬ್ಬು ಕಡಿದರೆ ಆಲೆಮನೆ ಗಾಣದ ಬುಷ್ಷು. ಹುಣಸೂರು–ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಕಾಲ ಬಂತೆಂದರೆ ಬ್ಯಾರನ್ನಿನೊಳಗೆ, ಅಂದರೆ ಸೊಪ್ಪು ಬೇಯಿಸುವ ಮನೆಯೊಳಗೆ, ಬಿಸಿ ಹಾಯಿಸುವ ತಗಡಿನ ಪೈಪು. ಈ ಪೈಪಿನ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ. ಈ ಸಾಲಿನ ನಡುವೆಯೇ ಯಾರೋ ಒಬ್ಬ ಹುಡುಗ ಗೋಣಿಚೀಲದಲ್ಲಿ ಬಿಚ್ಚಿದ ಎಂಜಿನ್ನು ಹೊತ್ತು ಬರುತ್ತಾನೆ.

"ಅಣ್ಣಾ, ಇದೊಂದು ಬುಷ್ ಆಗ್ಬೇಕಿತ್ತು."

"ಹಳೇದ್ ತಂದಿದ್ದೀಯೇನಪ್ಪ?"

ಕೆಲಸ ಶುರುವಾಗುವುದು ಈ ಎರಡನೇ ಮಾತಿನಿಂದ.

ಡ್ರ್ಯಾಗ್ ರೇಸಿನ ನಿಯಮ ಮಗುವಿಗೂ ಅರ್ಥವಾಗುವಂಥದ್ದು. ಎರಡು ಗಾಡಿ ಅಕ್ಕಪಕ್ಕ ನಿಲ್ಲಬೇಕು, ದೀಪ ಹಸಿರಾದ ಕೂಡಲೇ ಹೊರಡಬೇಕು, ಕಾಲು ಮೈಲಿ ಅಂದರೆ ಸುಮಾರು 402 ಮೀಟರನ್ನು ಯಾರು ಮೊದಲು ಮುಗಿಸುತ್ತಾರೋ ಅವರು ಗೆದ್ದಂತೆ. ತಿರುವಿಲ್ಲ, ಹಿಂದಿಕ್ಕುವ ಜಾಣತನವಿಲ್ಲ. ಎರಡನೇ ಮಹಾಯುದ್ಧ ಮುಗಿದು ಮನೆಗೆ ಬಂದ ಹುಡುಗರು ಕ್ಯಾಲಿಫೋರ್ನಿಯಾದಲ್ಲಿ ಹಳೇ ಫೋರ್ಡು ಕಾರುಗಳ ಬಾಡಿ ಕಿತ್ತು, ಇನ್ನೊಂದು ಕಾರಿನ ಎಂಜಿನ್ ಕೂರಿಸಿ ಓಡಿಸುತ್ತಿದ್ದರು. ಅದಕ್ಕೊಂದು ಶಿಸ್ತು ತರಲು 1951ರಲ್ಲಿ ವಾಲಿ ಪಾರ್ಕ್ಸ್ ಎನ್ನುವವರು ಸಂಘ ಕಟ್ಟಿದರು. ಅಂದಿನ ಕಾರುಗಳಿಗೆ ಅಂಗಡಿಯಲ್ಲಿ ಪಾರ್ಟು ಇರಲಿಲ್ಲ. ಎಂಜಿನ್ ಕೂರುವ ಬ್ರ್ಯಾಕೆಟ್ಟಿನಿಂದ ಹಿಡಿದು ಹೊಗೆ ಕೊಳವೆವರೆಗೆ ಎಲ್ಲವೂ ಶೆಡ್ಡಿನಲ್ಲಿ ಕೈಯಿಂದ ಆಗಬೇಕಿತ್ತು. 1970ರಲ್ಲಿ ಡಾನ್ ಗಾರ್ಲಿಟ್ಸ್‌ನ ಕಾರಿನ ಗೇರ್‌ಪೆಟ್ಟಿಗೆ ಸಿಡಿದು ಅವನ ಬಲ ಪಾದದ ಮುಂಭಾಗ ಹೋಯಿತು. ಆಸ್ಪತ್ರೆಯಿಂದ ಬಂದವನು ಎಂಜಿನ್ನನ್ನು ಚಾಲಕನ ಬೆನ್ನ ಹಿಂದಕ್ಕೆ ಸರಿಸಿ ಕಾರು ಕಟ್ಟಿದ. ಮರುವರ್ಷದಿಂದ ಕಾರುಗಳ ಆಕಾರವೇ ಬದಲಾಯಿತು. ಈಗ ಅಲ್ಲಿ ಆ ಹಳೇ ಶೈಲಿಯ, ಎಂಜಿನ್ ಮುಂದಿರುವ ಕಾರುಗಳನ್ನೇ ಹೊಸದಾಗಿ ಕಟ್ಟಿ ಓಡಿಸುವ ಗೀಳು ದೊಡ್ಡದು.

ನಮ್ಮಲ್ಲಿ ಈ ಗೀಳು ಕಾರಿಗಿಂತ ಬೈಕಿಗೆ ಅಂಟಿಕೊಂಡಿದೆ. ಮೋಟಾರ್ ಸೈಕಲ್ಲುಗಳಿಗೆ ರಾಷ್ಟ್ರೀಯ ಡ್ರ್ಯಾಗ್ ಚಾಂಪಿಯನ್‌ಷಿಪ್ ಇದೆ; ಬೆಂಗಳೂರಿನ ಹೇಮಂತ್ ಮುದ್ದಪ್ಪ ಅದನ್ನು ಮತ್ತೆ ಮತ್ತೆ ಗೆದ್ದವರು. ಅವರ ಗಾಡಿಗಳ ಬೆಲೆ, ಬಲ ಬೇರೆ ಲೋಕದ್ದು. ತಾಲ್ಲೂಕಿನ ಹುಡುಗನ ಕೈಗೆ ಎಟಕುವುದು ಹಳೇ ಟೂ–ಸ್ಟ್ರೋಕ್: ಯಮಹಾ ಆರ್‌ಎಕ್ಸ್ 100, ಇಲ್ಲವೇ ಜಾವಾ–ಯೆಜ್ಡಿ. ಗೆಲ್ಲುವುದೇ ಗುರಿಯಾದರೆ ಆರ್‌ಎಕ್ಸ್ ಹಗುರ, ಅದೇ ಜಾಣ ಆಯ್ಕೆ. ಯೆಜ್ಡಿ ತೂಕದ ಆಸಾಮಿ. ಆದರೆ ಅದು ಊರಿನ ಗಾಡಿ, ಅದಕ್ಕೇನು ಮಾಡುವುದು?

ಊರಿನದು ಅಂದದ್ದು ಸುಮ್ಮನೆ ಅಲ್ಲ. ಇರಾನಿ ಕುಟುಂಬದವರು ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯಿಂದ ಪರವಾನಗಿ ತಂದು, ಜಯಚಾಮರಾಜೇಂದ್ರ ಒಡೆಯರ ಒತ್ತಾಸೆಯಿಂದ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. 1961ರಿಂದ ಗಾಡಿಗಳು ಹೊರಬಂದವು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಮಾದರಿ ಬಂತು. ಮೂವತ್ತೈದು ವರ್ಷ ಒಂದು ಊರಿನಲ್ಲಿ ಎಂಜಿನ್ನು ತಯಾರಾದರೆ, ಆ ಊರಿನ ಸುತ್ತ ಕಬ್ಬಿಣ ಅಳೆಯಬಲ್ಲ ಕೈಗಳು ತಯಾರಾಗುತ್ತವೆ. ಕಾರ್ಖಾನೆ ಮುಚ್ಚಿದಾಗ ಮೆಷಿನ್ನು ಹರಾಜಾಗಬಹುದು, ಕೈಗಳನ್ನು ಹರಾಜು ಹಾಕಲಾಗದು.

ಈ ಸೀಮೆಗೆ ಇದು ಮೊದಲ ಸಲವೂ ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಹುಣಸೂರು ಅಮೃತಮಹಲ್ ದನಗಳ ಕೇಂದ್ರವಾಗಿತ್ತು. ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನು, ಕಂಬಳಿ ಅಲ್ಲಿ ತಯಾರಾಗುತ್ತಿದ್ದವು. ಮರದ ಯಾರ್ಡಿನಲ್ಲಿ ಗಾಡಿ, ವ್ಯಾಗನ್ನು ಕಟ್ಟುತ್ತಿದ್ದರು. ಸರ್ಕಾರ ಅವನ್ನೆಲ್ಲ ಮುಚ್ಚಿತು. ಪಳಗಿದ ಕುಶಲಕರ್ಮಿಗಳು ಊರಲ್ಲೇ ಉಳಿದರು, ಹುಣಸೂರಿನ ಗಾಡಿಗೆ ಆಮೇಲೂ ಒಳ್ಳೆಯ ಹೆಸರಿತ್ತು ಎಂದು ಹಳೇ ಮೈಸೂರು ಗೆಜೆಟಿಯರ್ ಹೇಳುತ್ತದೆ. ಎತ್ತಿನ ಗಾಡಿಯ ಅಚ್ಚು, ಯೆಜ್ಡಿಯ ಆಕ್ಸೆಲ್ಲು: ನಡುವೆ ನೂರು ವರ್ಷ, ಕತೆ ಒಂದೇ.

ಈಗ ಕೆಲಸಕ್ಕೆ ಬರೋಣ. ಸುಲಭದ್ದು ಬುಷ್, ಅಂದರೆ ಕೀಲಿನೊಳಗೆ ಕೂರುವ ಲೋಹದ ಬಳೆ. ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಕೀಲಿನಲ್ಲಿ ಸವೆದ ಬುಷ್ಷಿನ ಬದಲು ಗನ್‌ಮೆಟಲ್ ಸರಳಿನಿಂದ ಹೊಸದು ಕಡೆಯುವುದು. ಹೊರಗಿನ ವ್ಯಾಸ, ಕೂರುವ ತೂತಿಗಿಂತ ಒಂದು ಕೂದಲೆಳೆಗೂ ಕಮ್ಮಿಯಷ್ಟು ಹೆಚ್ಚಿರಬೇಕು, ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಭಾಗ. ಬಿಗಿಯಾಗಿ ಒತ್ತಿ ಕೂರಿಸಿದ ಮೇಲೆ ಅದು ಒಳಕ್ಕೆ ಕುಗ್ಗುತ್ತದೆ. ಹಾಗಾಗಿ ಒಳ ವ್ಯಾಸವನ್ನು ಕೊನೆಗೆ, ಕೂರಿಸಿದ ನಂತರ ರೀಮರ್ ಆಡಿಸಿ ಸರಿಮಾಡಬೇಕು. ಇದನ್ನು ಬಲ್ಲ ಟರ್ನರು, ಅಂದರೆ ಲೇತ್ ನಡೆಸುವವನು, ಹಳೇ ಬುಷ್ಷನ್ನು ಅಳೆದು ಸುಮ್ಮನಾಗುವುದಿಲ್ಲ. ಸವೆದದ್ದನ್ನು ನಕಲು ಮಾಡಿದರೆ ಸವಕಲೇ ಬರುತ್ತದೆ. ಶಾಫ್ಟನ್ನೂ ತೂತನ್ನೂ ಅಳೆದು, ಹೊಸದಿದ್ದಾಗ ಇದು ಎಷ್ಟಿತ್ತು ಎಂದು ತನ್ನೊಳಗೇ ಲೆಕ್ಕ ಹಾಕುತ್ತಾನೆ. ಈ ಊಹೆಗಾರಿಕೆಯೇ ಕಸುಬಿನ ಜೀವ ಎಂದು ನನ್ನ ಎಣಿಕೆ.

ಕ್ರ್ಯಾಂಕ್ ಕೆಲಸ ಇದಕ್ಕಿಂತ ನಾಜೂಕು. ಯೆಜ್ಡಿಯದು ಒತ್ತಿ ಜೋಡಿಸಿದ ಕ್ರ್ಯಾಂಕು: ಎರಡು ಭಾರದ ಬಿಲ್ಲೆ, ನಡುವೆ ಒಂದು ಪಿನ್ನು. ಪಿನ್ನು, ಬೇರಿಂಗು ಹೋದರೆ ಪ್ರೆಸ್ಸಿನಲ್ಲಿ ಬಿಡಿಸಿ ಹೊಸದು ಹಾಕಿ ಮತ್ತೆ ಒತ್ತಬೇಕು. ಆಮೇಲೆ ಲೇತಿನ ಎರಡು ಮೊನೆಗಳ ನಡುವೆ ಕೂರಿಸಿ, ಡಯಲ್ ಗೇಜ್ ಇಟ್ಟು ಕೈಯಲ್ಲಿ ತಿರುಗಿಸುತ್ತಾರೆ. ಮುಳ್ಳು ಅತ್ತಿತ್ತ ಆಡಿದರೆ ತಾಮ್ರದ ಸುತ್ತಿಗೆಯಿಂದ ಬಿಲ್ಲೆಯ ಅಂಚಿಗೆ ಒಂದೇಟು. ಮತ್ತೆ ತಿರುಗಿಸು, ಮತ್ತೆ ನೋಡು. ಯಾವ ಕಡೆ, ಎಷ್ಟು ಜೋರಾಗಿ ಎನ್ನುವುದು ಪುಸ್ತಕ ಓದಿ ಬರುವಂಥದ್ದಲ್ಲ.

ಓಟದ ಗಾಡಿಯ ಅಸಲಿ ಕೈಚಳಕ ಇರುವುದು ಸೈಲೆನ್ಸರಿನಲ್ಲಿ. ಈ ಬಗೆಯ ಟೂ–ಸ್ಟ್ರೋಕ್ ಎಂಜಿನ್ನಿಗೆ ಹೊಗೆಯ ಕಡೆ ಕವಾಟವಿಲ್ಲ, ಸಿಲಿಂಡರಿನ ಗೋಡೆಯಲ್ಲಿ ಪೋರ್ಟ್ ಎಂಬ ತೂತಷ್ಟೆ. ಸುಟ್ಟ ಹೊಗೆ ಹೊರಹೋಗುವಾಗ ಹೊಸ ಪೆಟ್ರೋಲ್ ಮಿಶ್ರಣವೂ ಒಂದಷ್ಟು ಹಿಂದೆಯೇ ಸೋರಿಹೋಗುತ್ತದೆ. ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರು 1950ರ ದಶಕದಲ್ಲಿ ಈ ಸೋರಿಕೆಗೆ ಮದ್ದು ಕಂಡ. ಹೊಗೆ ಕೊಳವೆ ಮೊದಲು ಹಿಗ್ಗುತ್ತ ಹೋಗಿ, ಹೊಟ್ಟೆಯಾಗಿ, ಮತ್ತೆ ಕುಗ್ಗಬೇಕು. ಹಿಗ್ಗುವ ಭಾಗದಿಂದ ಹಿಂದಿರುಗುವ ಅಲೆ ಹೊಗೆಯನ್ನು ಎಳೆಯುತ್ತದೆ. ಕುಗ್ಗುವ ಭಾಗಕ್ಕೆ ಬಡಿದು ಮರಳುವ ಅಲೆ, ಹೊರಬಂದ ಮಿಶ್ರಣವನ್ನು ಪೋರ್ಟ್ ಮುಚ್ಚುವ ಮುಂಚೆ ಒಳಕ್ಕೆ ತಳ್ಳುತ್ತದೆ. 1961ರಲ್ಲಿ ಕಂಪನಿಯ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪರಾರಿಯಾಗಿ ಸುಜುಕಿ ಸೇರಿದ. ವಿದ್ಯೆ ಜಪಾನಿಗೆ ಹೋಯಿತು, ಅಲ್ಲಿಂದ ಲೋಕಕ್ಕೆಲ್ಲ.

ಕೊಳವೆಯ ಉದ್ದದ ಲೆಕ್ಕ ಹೀಗೆ. ಎಂಜಿನ್ ನಿಮಿಷಕ್ಕೆ 6000 ಸುತ್ತು ಹಾಕಿದರೆ ಒಂದು ಸುತ್ತಿಗೆ 10 ಮಿಲಿಸೆಕೆಂಡು. ಹೊಗೆ ಪೋರ್ಟು 170 ಡಿಗ್ರಿ ತೆರೆದಿರುತ್ತದೆ ಎಂದಿಟ್ಟುಕೊಳ್ಳಿ, ಸುಮಾರು 4.7 ಮಿಲಿಸೆಕೆಂಡು. ಬಿಸಿ ಹೊಗೆಯಲ್ಲಿ ಅಲೆ ಸೆಕೆಂಡಿಗೆ 500 ಮೀಟರಿನ ಆಸುಪಾಸು ಓಡುತ್ತದೆ. ಅಷ್ಟರಲ್ಲಿ ಹೋಗಿಬರುವ ದೂರ 2.4 ಮೀಟರಿನ ಹತ್ತಿರ, ಒಂದು ಕಡೆಗೆ 1.2 ಮೀಟರು. ಅದೇ 9000 ಸುತ್ತಿಗಾದರೆ 80 ಸೆಂಟಿಮೀಟರು ಸಾಕು. ಎಂಜಿನ್ ನಿಧಾನವಾದಷ್ಟೂ ಕೊಳವೆ ಉದ್ದ. ಯೆಜ್ಡಿಯದು 65 ಮಿಲಿಮೀಟರ್ ಬೋರು, 75 ಮಿಲಿಮೀಟರ್ ಸ್ಟ್ರೋಕು, ಉದ್ದ ಹೆಜ್ಜೆಯ ನಿಧಾನಸ್ಥ. ಸಾಲದ್ದಕ್ಕೆ ರೋಡ್‌ಕಿಂಗ್‌ನಲ್ಲಿ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಎರಡು ಹೊಟ್ಟೆ ಮಾಡಿ ಎರಡನ್ನೂ ಒಂದೇ ಅಳತೆಗೆ ತರಬೇಕು.

ಹಿಗ್ಗುವ, ಕುಗ್ಗುವ ಭಾಗಗಳ ಶಂಕುವನ್ನು ತಗಡಿನಲ್ಲಿ ಮಾಡುವುದು ಹೈಸ್ಕೂಲಿನ ರೇಖಾಗಣಿತ. ಒಂದು ತುದಿಯ ವ್ಯಾಸ 40, ಇನ್ನೊಂದು ತುದಿಯದು 100, ಉದ್ದ 250 ಮಿಲಿಮೀಟರಿನ ತುಂಡು ಬೇಕೆಂದರೆ, ಕಾಗದದ ಮೇಲೆ 420 ಮತ್ತು 168 ತ್ರಿಜ್ಯದ ಎರಡು ಕಂಸ ಎಳೆದು ಸುಮಾರು 43 ಡಿಗ್ರಿಯ ತುಂಡು ಕತ್ತರಿಸಿಕೊಳ್ಳಬೇಕು. ಅದನ್ನು ಒಂದು ಮಿಲಿಮೀಟರ್ ಸಿ.ಆರ್. ಶೀಟಿನ ಮೇಲಿಟ್ಟು ಗೀರಿ, ಕತ್ತರಿಸಿ, ಪೈಪಿನ ಮೇಲೆ ಬಡಿಯುತ್ತ ಸುತ್ತಿ, ಗ್ಯಾಸ್ ವೆಲ್ಡಿಂಗಿನಿಂದ ಹೊಲಿಗೆ ಹಾಕಬೇಕು. ಇಂಥ ಏಳೆಂಟು ತುಂಡು ಸೇರಿ ಒಂದು ಸೈಲೆನ್ಸರು. ತೆಳು ತಗಡು ಬಿಸಿಗೆ ತೂತು ಬೀಳುತ್ತದೆ, ಸೊಟ್ಟಗಾಗುತ್ತದೆ. ಹೊಗೆಸೊಪ್ಪಿನ ಬ್ಯಾರನ್ ಪೈಪಿಗೆ ವರ್ಷಾನುಗಟ್ಟಲೆ ತಗಡು ಸುತ್ತಿದ ಕೈಗೆ ಇದೇನೂ ಹೊಸದಲ್ಲ. ಪಟ್ಟಣದ ಶೋಕಿ ಗ್ಯಾರೇಜಿಗಿಂತ ಅವನೇ ಇದಕ್ಕೆ ವಾಸಿ ಎಂದು ಧೈರ್ಯವಾಗಿ ಹೇಳಬಹುದು.

ಸ್ವಿಂಗ್ ಆರ್ಮ್ ಉದ್ದ ಮಾಡುವ ಕೆಲಸದಲ್ಲಿ ಮಾತ್ರ ಆ ಧೈರ್ಯ ಬೇಡ. ಹೊರಡುವಾಗ ಮುಂಚಕ್ರ ಏಳಬಾರದೆಂದು ಹಿಂದಿನ ಚಕ್ರವನ್ನು ಒಂದಷ್ಟು ಹಿಂದಕ್ಕೆ ದೂಡುತ್ತಾರೆ. ಕೊಳವೆ ಕತ್ತರಿಸಿ, ಒಳಗೊಂದು ತೋಳು ತೂರಿಸಿ ಬೆಸೆಯುವುದು ನೋಡಲು ಸಲೀಸು. ಆದರೆ ವೆಲ್ಡಿಂಗ್ ತಣಿಯುವಾಗ ತನ್ನ ಕಡೆಗೆ ಎಳೆಯುತ್ತದೆ. ಗಟ್ಟಿ ಚೌಕಟ್ಟಿಗೆ ಬಿಗಿದು, ಅತ್ತಿಷ್ಟು ಇತ್ತಿಷ್ಟು ಬೆಸೆಯದಿದ್ದರೆ ಎರಡು ಚಕ್ರ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಬಿರುಕು ಬಿಡುವುದೂ ಸಾಮಾನ್ಯವಾಗಿ ಬೆಸುಗೆಯ ಪಕ್ಕದಲ್ಲಿ, ಬಿಸಿ ತಿಂದ ಜಾಗದಲ್ಲಿ. ಮುಂದಿನ ಆಕ್ಸೆಲ್ಲು, ಬ್ರೇಕಿನ ಕಡ್ಡಿ, ಹ್ಯಾಂಡಲ್ ಕಾಂಡ ತಂದರೆ "ಇದ ನಾ ಮಾಡಲ್ಲಪ್ಪ, ಹೊಸದ್ ಹುಡುಕ್ಕೋ" ಎನ್ನುವ ಮೇಸ್ತ್ರಿಯನ್ನು ನಂಬಿ. ಎಲ್ಲಕ್ಕೂ ಹೂಂ ಎನ್ನುವವನ ಅಂಗಡಿಯಿಂದ ಗಾಡಿ ವಾಪಸ್ ತಂದುಬಿಡಿ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ; ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟಿದರೆ 189ನೇ ಕಲಂ ಕಾದಿದೆ. 2021ರಲ್ಲಿ ಬಂದ ವಿಂಟೇಜ್ ನಿಯಮ, ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ವಾಹನಕ್ಕೆ ಮಾತ್ರ ಪ್ರತ್ಯೇಕ ನೋಂದಣಿ ಕೊಡುತ್ತದೆ. ಹೀಗಾಗಿ ಓಟಕ್ಕೆ ಕಟ್ಟಿದ ಯೆಜ್ಡಿ ಟೆಂಪೊ ಹತ್ತಿ ಟ್ರ್ಯಾಕಿಗೆ ಹೋಗಿ ಟೆಂಪೊದಲ್ಲೇ ಮನೆಗೆ ಬರಬೇಕು. ಮೈಸೂರಿನ ಕಾರ್ಖಾನೆಯ ಒಳ್ಳೆಯ ಗಾಡಿಯೊಂದು ಮೂಲ ರೂಪದಲ್ಲಿ ಸಿಕ್ಕಿದರೆ ಅದಕ್ಕೆ ಗರಗಸ ಹಾಕುವುದು ಪಾಪ ಎಂಬುದು ನನ್ನ ಸ್ವಂತ ಅಭಿಪ್ರಾಯ. ಕಾಗದಪತ್ರ ಕಳೆದು, ಫ್ರೇಮು ತುಕ್ಕು ತಿಂದು ಗುಜರಿಗೆ ಬಿದ್ದದ್ದನ್ನು ತಂದು ಏನು ಬೇಕಾದರೂ ಮಾಡಿಕೊಳ್ಳಲಿ.

ಲೇತುಗಳ ಮೂಲವೂ ಹೇಳಬೇಕಾದ್ದೇ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಎಚ್‌ಎಂಟಿ, ಎರಡೂ ನಾಡಿಗೆ ಲೇತ್ ಕೊಟ್ಟವು. ಕಿರ್ಲೋಸ್ಕರ್ ಕಾರ್ಖಾನೆ ಈಗಿಲ್ಲ. ಮುಚ್ಚಿದ ಕಾರ್ಖಾನೆಯ ಲೇತು, ಮುಚ್ಚಿದ ಇನ್ನೊಂದು ಕಾರ್ಖಾನೆಯ ಬೈಕಿಗೆ ಪಾರ್ಟು ಕಡೆಯುವುದು ಈ ಕಡೆ ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ಹಲ್ಲಿನ ಚಕ್ರದಂಥ ಕೆಲಸ ಮೈಸೂರಿನ ಕೈಗಾರಿಕಾ ಪ್ರದೇಶಗಳ ಲೇಸರ್, ಸಿಎನ್‌ಸಿ ಯಂತ್ರಗಳಿಗೆ ಹೋಗುತ್ತಿದೆ, ಹೋಗಲಿ. ಅವು ಅದನ್ನು ಚೊಕ್ಕವಾಗಿ ಮಾಡುತ್ತವೆ. ಆದರೆ ಆ ಯಂತ್ರಕ್ಕೆ ಡ್ರಾಯಿಂಗ್ ಬೇಕು. ಸವೆದ ತುಂಡನ್ನು ನೋಡಿ ಡ್ರಾಯಿಂಗ್ ಹುಟ್ಟಿಸಲು ಮತ್ತೆ ಟರ್ನರೇ ಬರಬೇಕು.

ಕೆಲಸ ನೋಡಬೇಕೆನ್ನುವವರಿಗೆ ಜುಲೈ ತಿಂಗಳ ಎರಡನೇ ಭಾನುವಾರ ಒಳ್ಳೆಯದು. ಅಂದು ಅಂತರರಾಷ್ಟ್ರೀಯ ಜಾವಾ ದಿನ, ಮೈಸೂರು, ಬೆಂಗಳೂರುಗಳಲ್ಲಿ ಹಳೇ ಗಾಡಿಗಳು ಸಾಲುಗಟ್ಟುತ್ತವೆ. ಮಾಲೀಕರು ಯಾವ ಪಾರ್ಟು ಎಲ್ಲಿ ಮಾಡಿಸಿದ್ದು ಎಂದು ಕೇಳದೆಯೇ ಹೇಳುತ್ತಾರೆ. ಮಾಡಿಸಬೇಕೆನ್ನುವವರು ಹಳೇ ತುಂಡಿನ ಜೊತೆಗೆ ಅದು ಕೂರುವ ಜಾಗದ ಭಾಗವನ್ನೂ ಬಿಚ್ಚಿಕೊಂಡು ಹೋಗಿ, ಫೋಟೊ ತೋರಿಸಿ ಪ್ರಯೋಜನವಿಲ್ಲ. ಸುಗ್ಗಿಯಲ್ಲಿ ಹೋಗಬೇಡಿ. ಕೊಯ್ಲಿನ ಯಂತ್ರ ಕೆಟ್ಟು ರೈತ ಬಾಗಿಲಲ್ಲಿ ನಿಂತಿರುವಾಗ ಯಾವ ಮೇಸ್ತ್ರಿಯೂ ಯೆಜ್ಡಿ ಬುಷ್ಷಿಗೆ ಕೈ ಹಚ್ಚುವುದಿಲ್ಲ, ಹಚ್ಚಲೂಬಾರದು.