ಗ್ರಾಮೀಣ ವ್ಯಾಪಾರದಲ್ಲಿ ಟ್ಯಾಬ್ಲೆಟ್: ಆ್ಯಪ್ ಹಾಗೂ ಪರಿಕರಗಳ ಸದ್ಬಳಕೆ

ಶಹಾಪುರ ತಾಲ್ಲೂಕಿನ ಶಿರವಾಳ ಪ್ರಾಚೀನ ದೇವಾಲಯಗಳಿಂದ ಹೆಸರಾದ ಗ್ರಾಮ. ಹತ್ತಿ, ತೊಗರಿ, ಭತ್ತ ಬೆಳೆಯುವ ಈ ಸೀಮೆಯಲ್ಲಿ ಬೀಜ, ಗೊಬ್ಬರದ ವ್ಯಾಪಾರಕ್ಕೂ ಉದ್ರಿಗೂ ಬಿಡಿಸಲಾಗದ ನಂಟು. ಬಿತ್ತನೆಯ ಕಾಲಕ್ಕೆ ಒಯ್ದ ಸರಕಿನ ಹಣ ಸುಗ್ಗಿಯ ನಂತರವೇ ಅಂಗಡಿಗೆ ಮರಳುತ್ತದೆ. ಅಲ್ಲಿಯವರೆಗೆ ವ್ಯಾಪಾರಿ ಹಾಗೂ ರೈತರ ನಡುವಣ ವಿಶ್ವಾಸಕ್ಕೆ ಖಾತೆಯ ಬರಹವೇ ಆಧಾರ. ಆದುದರಿಂದ ಕಿರ್ದಿ ಪುಸ್ತಕದ ಸ್ಥಾನಕ್ಕೆ ಟ್ಯಾಬ್ಲೆಟ್ ತರುವವರು ಅದರ ಬೆಲೆಗಿಂತ ಮೊದಲು ಲೆಕ್ಕದ ಭದ್ರತೆಯನ್ನು ಯೋಚಿಸಬೇಕಾಗುತ್ತದೆ.

ಸಿಂಪ್ಯೂಟರ್ ಕಲಿಸಿದ ಪಾಠ

ಅಂಗೈಯಗಲದ ಗಣಕವನ್ನು ಹಳ್ಳಿಗೆ ತಲುಪಿಸುವ ಯತ್ನ ಕರ್ನಾಟಕಕ್ಕೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹಾಗೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರು ರೂಪಿಸಿದ ಸಿಂಪ್ಯೂಟರ್ 2004ರಲ್ಲಿ ‘ಅಮಿಡಾ’ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಒಂದೇ ಯಂತ್ರವನ್ನು ಹಲವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ಮೂಲಕ ಬಳಸಬಹುದೆಂಬುದು ಅದರ ಹಿಂದಿನ ಕಲ್ಪನೆಯಾಗಿತ್ತು. ಆದರೆ ನಿರೀಕ್ಷಿತ ಮಾರಾಟ ಕಾಣಲಿಲ್ಲ. ಅಗ್ಗದ ಅಂತರಜಾಲವಾಗಲಿ, ಮೊಬೈಲ್ ಪಾವತಿಯಾಗಲಿ ಅಂದು ಇರಲಿಲ್ಲ. ಯಂತ್ರವೊಂದೇ ಸಾಲದು, ಅದರ ಸುತ್ತ ನಿತ್ಯದ ಕೆಲಸ ಕೂಡಿಬರಬೇಕು ಎಂಬುದಕ್ಕೆ ಇದು ನಿದರ್ಶನ.

ಆ್ಯಪ್‌ಗಳ ಆಯ್ಕೆ

ಅಂಗಡಿಯ ಟ್ಯಾಬ್ಲೆಟ್‌ಗೆ ನಾಲ್ಕೈದು ಆ್ಯಪ್‌ಗಳು ಸಾಕು. ಬಿಲ್ಲು, ದಾಸ್ತಾನು ಹಾಗೂ ಉದ್ರಿ ಲೆಕ್ಕಕ್ಕೆ ಒಂದೇ ಆ್ಯಪ್ ಇರುವುದು ಲೇಸು. ಅಂತರಜಾಲ ಇಲ್ಲದಾಗಲೂ ಅದು ಲೆಕ್ಕ ಬರೆದುಕೊಂಡು, ಸಂಪರ್ಕ ಬಂದೊಡನೆ ಸರ್ವರ್‌ಗೆ ಕಳುಹಿಸುವಂತಿರಬೇಕು. ಗೂಗಲ್ ಕೀಲಿಮಣೆಯಲ್ಲಿ ಕನ್ನಡವನ್ನು ಬೆರಳಿನಿಂದಲೂ ಧ್ವನಿಯಿಂದಲೂ ಮೂಡಿಸಬಹುದು. ಗ್ರಾಹಕರ ಹೆಸರು ಕನ್ನಡದಲ್ಲಿದ್ದರೆ ರೈತರೇ ತಮ್ಮ ಖಾತೆ ಓದಿಕೊಳ್ಳಬಲ್ಲರು. 2019ರಲ್ಲಿ ಆರಂಭವಾದ ‘ಮೇಘದೂತ್’ ಆ್ಯಪ್‌ನ ಹವಾಮಾನ ಹಾಗೂ ಕೃಷಿ ಸಲಹೆಗಳು ಬೀಜ, ಔಷಧಿ ವ್ಯಾಪಾರಿಗಳಿಗೂ ಉಪಯುಕ್ತ.

ಪರಿಕರಗಳು

ಗಟ್ಟಿಯಾದ ಕವಚ ಹಾಗೂ ನಿಲುಗಡೆಯ ಸ್ಟ್ಯಾಂಡ್ ಮೊದಲ ಅಗತ್ಯ. ವಿದ್ಯುತ್ ಕಡಿತಕ್ಕೆ ಪವರ್ ಬ್ಯಾಂಕ್ ಬೇಕು. 10,000 ಎಂಎಎಚ್ ಎಂದು ನಮೂದಿಸಿದ್ದರೂ ವೋಲ್ಟೇಜ್ ಬದಲಾವಣೆಯಲ್ಲಿ ನಷ್ಟವಾಗಿ ಕೈಗೆ ದೊರೆಯುವುದು ಸುಮಾರು 6,000 ಮಾತ್ರ. ಬ್ಯಾಟರಿ ದೊಡ್ಡದಿರುವ ಟ್ಯಾಬ್ಲೆಟ್ ಅದರಿಂದ ಒಮ್ಮೆಯೂ ಪೂರ್ಣ ತುಂಬದಿರಬಹುದು. ಕೊಳ್ಳುವಾಗ ಭಾರತೀಯ ಮಾನಕ ಸಂಸ್ಥೆಯ ನೋಂದಣಿ ಗುರುತನ್ನು ಪರಿಶೀಲಿಸಬೇಕು. ಬೇಸಿಗೆಯಲ್ಲಿ ಪಾರೆ 40 ಡಿಗ್ರಿ ದಾಟುವ ಈ ಭಾಗದಲ್ಲಿ ಬಿಸಿಲು ಬೀಳುವ ಜಾಗದಲ್ಲಿ ಚಾರ್ಜ್ ಮಾಡಿದರೆ ಬ್ಯಾಟರಿಯ ಆಯುಷ್ಯ ಕುಗ್ಗುತ್ತದೆ.

ಬ್ಲೂಟೂತ್ ಥರ್ಮಲ್ ಮುದ್ರಕಕ್ಕೆ ಶಾಯಿ ಬೇಡ, ನಿಜ. ಆದರೆ ಅದರ ಕಾಗದ ಬಿಸಿಲು, ಶಾಖಕ್ಕೆ ಸಿಕ್ಕಿ ಅಕ್ಷರಗಳು ಮಾಸುತ್ತವೆ. ನಗದು ಬಿಲ್ಲಿಗೆ ಇದು ಸಾಕು. ಸುಗ್ಗಿಯವರೆಗೆ ಉಳಿಯಬೇಕಾದ ಉದ್ರಿ ಚೀಟಿಗೆ ಸಾಮಾನ್ಯ ಕಾಗದದ ಮೇಲೆ ಸಹಿ ಪಡೆದು, ಅದರ ಚಿತ್ರವನ್ನು ಟ್ಯಾಬ್ಲೆಟ್‌ನಲ್ಲಿಯೂ ಗ್ರಾಹಕರ ಮೊಬೈಲ್‌ನಲ್ಲಿಯೂ ಉಳಿಸುವುದು ಕ್ಷೇಮ.

ಲೆಕ್ಕದ ಭದ್ರತೆ

ಸರಕು ಮತ್ತು ಸೇವಾ ತೆರಿಗೆಯಡಿ ನೋಂದಾಯಿತ ವ್ಯಾಪಾರಿಗಳು ವಾರ್ಷಿಕ ವಿವರಣೆ ಸಲ್ಲಿಕೆಯ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರ ಕಾಪಾಡಬೇಕು. ವಿದ್ಯುನ್ಮಾನ ಲೆಕ್ಕವಿದ್ದಲ್ಲಿ ಅದರ ಪ್ರತಿಯೂ ಇರಬೇಕೆಂಬುದು ನಿಯಮ. ಅಷ್ಟು ವರ್ಷ ಒಂದೇ ಟ್ಯಾಬ್ಲೆಟ್ ಬಾಳೀತೆಂದು ನಂಬುವಂತಿಲ್ಲ. ಪ್ರತಿದಿನ ಕ್ಲೌಡ್‌ನಲ್ಲಿ ಒಂದು ಪ್ರತಿ, ವಾರಕ್ಕೊಮ್ಮೆ ಒಟಿಜಿ ಮೂಲಕ ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇರಿಸಬೇಕು. ಪೆನ್‌ಡ್ರೈವ್ ಅಂಗಡಿಯಲ್ಲಿರದೆ ಮನೆಯಲ್ಲಿರಲಿ.

ಯುಪಿಐ ಮೂಲಕ ಹಣ ಪಡೆಯಲು ಪಿನ್ ಬೇಕಿಲ್ಲ. ಹಣ ಕೊಡುವುದಾಗಿ ಹೇಳಿ ಪಿನ್ ಒತ್ತಿಸುವುದು ವಂಚನೆಯ ಲಕ್ಷಣ. ಹಣ ಕಳೆದುಕೊಂಡವರು ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು.

ಮೊದಲ ಹಂಗಾಮಿನಲ್ಲಿ ಪುಸ್ತಕ ಹಾಗೂ ಟ್ಯಾಬ್ಲೆಟ್ ಎರಡರಲ್ಲಿಯೂ ಲೆಕ್ಕ ಬರೆದು, ಪ್ರತಿ ಸಂಜೆ ತಾಳೆ ನೋಡುವುದು ಉತ್ತಮ. ಸುಗ್ಗಿಯ ವಸೂಲಿಯವರೆಗೆ ಎರಡೂ ಲೆಕ್ಕ ಸರಿಹೊಂದಿದರೆ ಮಾತ್ರ ಪುಸ್ತಕವನ್ನು ಕಪಾಟಿಗೆ ಸೇರಿಸಬಹುದು.