ಚಿಟ್ಟೆ ತೋಟಕ್ಕೆ ಮೊದಲು ಎಲೆ, ಆಮೇಲೆ ಹೂವು

ಬನ್ನೇರುಘಟ್ಟದಲ್ಲಿ 2006ರಲ್ಲಿ ಶುರುವಾದ ಚಿಟ್ಟೆ ಪಾರ್ಕಿನಲ್ಲಿ ದೊಡ್ಡ ಗುಮ್ಮಟವಿದೆ. ಶಾಲೆಯಂಗಳಕ್ಕೋ ಊರಿನ ಪಾರ್ಕಿಗೋ ಅದು ಬೇಕಿಲ್ಲ. ತಕ್ಕ ಗಿಡ ನೆಟ್ಟರೆ ಚಿಟ್ಟೆಗಳು ತಾವಾಗಿ ಬರುತ್ತವೆ, ಅವುಗಳ ಹಿಂದೆ ಮಕ್ಕಳೂ ಬರುತ್ತಾರೆ.

ಹೂಗಿಡ ಮಾತ್ರ ನೆಟ್ಟರೆ ಚಿಟ್ಟೆ ಮಕರಂದ ಹೀರಿ ಹೊರಟುಬಿಡುತ್ತದೆ. ಅದು ಮೊಟ್ಟೆಯಿಡಬೇಕಾದರೆ ಮರಿಹುಳು ತಿನ್ನುವ ಎಲೆ ಬೇಕು. ಹುಳುಗಳ ನಾಲಿಗೆಯೋ ಬಹಳ ಚೂಸಿ: ಲೈಮ್ ಬಟರ್‌ಫ್ಲೈ, ಕಾಮನ್ ಮಾರ್ಮನ್‌ಗಳಿಗೆ ನಿಂಬೆ, ಕರಿಬೇವು, ಪ್ಲೇನ್ ಟೈಗರ್‌ಗೆ ಎಕ್ಕ. ಮಲೆನಾಡಿನ ಕಡೆಯಾದರೆ ಈಶ್ವರಿ ಬಳ್ಳಿ ಹಬ್ಬಿಸಿ. ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಬಂದರೂ ಬಂದೀತು.

ಬಿಸಿಲಿಗೆ ಮೈ ಕಾಯಿಸಿಕೊಳ್ಳದೆ ಚಿಟ್ಟೆ ಹಾರಲಾರದು. ಆದ್ದರಿಂದ ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗ ಆರಿಸಿ, ಮುಂಗಾರಿನ ಗಾಳಿ ತಡೆಯಲು ಪಡುವಣಕ್ಕೆ ಪೊದೆಬೇಲಿ ಹಾಕಿ. ಮಕರಂದಕ್ಕೆ ಕೇಪಳ, ರತ್ನಗಂಧಿ ಸಾಕು. ಲಂಟಾನ ಬೇಡ, ಅದು ನಮ್ಮ ಕಾಡುಗಳನ್ನು ನುಂಗುತ್ತಿರುವ ಕಳೆ. ಒಂದು ಮೂಲೆಯಲ್ಲಿ ತಗ್ಗು ತೆಗೆದು ಮರಳು ತುಂಬಿ, ಚಿಟಿಕೆ ಉಪ್ಪು ಹಾಕಿ ಒದ್ದೆಯಾಗಿಡಿ. ಗಂಡು ಚಿಟ್ಟೆಗಳು ಲವಣ ಹೀರಲು ಅಲ್ಲಿ ಗುಂಪುಗೂಡುತ್ತವೆ.

ಕರಿಬೇವಿನ ಸಾಲನ್ನು ಮಕ್ಕಳ ಕಣ್ಣಿನೆತ್ತರಕ್ಕೆ ಸವರಿ, ನಡುವೆ ಸುತ್ತುಬಳಸಿನ ಕಾಲುದಾರಿ ಬಿಡಿ. ಇನ್ನು ‘ಹಕ್ಕಿ ಹಿಕ್ಕೆ’ ಹುಡುಕುವ ಆಟ ಶುರು. ಎಲೆಯ ಮೇಲೆ ಹಿಕ್ಕೆಯಂತೆ ಕಾಣುವುದೇ ಎಳೆಯ ಹುಳು. ಬೆಳೆದ ಮೇಲೆ ಅದು ಹಸಿರಾಗುತ್ತದೆ. ಕಡ್ಡಿಯಿಂದ ಮೆಲ್ಲನೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಮೊಟ್ಟೆ ಚಿಟ್ಟೆಯಾಗಲು ಸುಮಾರು ಒಂದು ತಿಂಗಳು. ಒಂದೇ ಗಿಡವನ್ನು ದಿನವೂ ನೋಡಿ ಚಿತ್ರ ಬರೆದರೆ ಜೀವನಚಕ್ರದ ಪಾಠ ಮುಗಿಯಿತು.

ಎಕ್ಕದ ಹಾಲು ಕಣ್ಣಿಗೆ ಅಪಾಯ, ಅದನ್ನು ಮಕ್ಕಳ ಕೈಗೆಟುಕದಂತೆ ಬೇಲಿಯಾಚೆ ನೆಡಿ. ರೋಮವಿರುವ ಕಂಬಳಿಹುಳ ಮುಟ್ಟಬಾರದೆಂದು ಮೊದಲೇ ಹೇಳಿ.

ಕೀಟನಾಶಕ ಬೇಡವೇ ಬೇಡ, ಬೇವಿನೆಣ್ಣೆಯೂ ಬೇಡ. ಗಿಡ ಸವರುವ ಮುನ್ನ ಚಿಗುರೆಲೆಗಳಲ್ಲಿ ಮೊಟ್ಟೆಯಿದೆಯೇ ನೋಡಿ, ಒಮ್ಮೆಗೆ ಅರ್ಧ ಸಾಲು ಮಾತ್ರ ಸವರಬೇಕು. ಎಲೆಯೆಲ್ಲ ತೂತಾಗಿದೆ ಎಂದು ಮಾಲಿ ಔಷಧಿ ಹೊಡೆದರೆ ತೋಟ ಕೆಟ್ಟಂತೆ. ತೂತಾದ ಎಲೆಯೇ ಫಲ ಎಂಬುದನ್ನು ಅವರಿಗೂ, ನೋಡಲು ಬಂದವರಿಗೂ ತಿಳಿಸುವ ಫಲಕವೊಂದನ್ನು ಬಾಗಿಲಲ್ಲೇ ನಿಲ್ಲಿಸಿ.