ಹೊಲಿಗೆ ಯಂತ್ರ ಕೊಳ್ಳುವ ಮುನ್ನ

ಜೂನ್ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರಗಳ ದರ್ಜಿ ಅಂಗಡಿಗಳಲ್ಲಿ ಕೇಳಿಬರುವುದು ಒಂದೇ ಮಾತು: ‘ಇನ್ನ ಎಂಟು ದಿನ ಬಿಟ್ಟು ಬರ್ರಿ.’ ಸಮವಸ್ತ್ರದ ಬಟ್ಟೆ ಅಂಗಡಿಯ ಮೂಲೆಯಲ್ಲಿ ಗಂಟಾಗಿ ಕುಳಿತಿರುತ್ತದೆ, ಹುಡುಗ ಹೋದ ವರ್ಷದ ಅಂಗಿಯಲ್ಲೇ ಶಾಲೆಗೆ ಹೋಗುತ್ತಾನೆ. ಸಮವಸ್ತ್ರ ಮುಗಿಯಿತೆನ್ನುವಷ್ಟರಲ್ಲಿ ಪಂಚಮಿಯ ಕುಬಸ, ಆಮೇಲೆ ದಸರೆ, ದೀಪಾವಳಿ. ವರ್ಷವಿಡೀ ಹೊಲಿಗೆಗೆ ಕೊಟ್ಟ ಕೂಲಿಯನ್ನು ಕೂಡಿಸಿ ನೋಡಿದ ತಾಯಿಗೆ ‘ಮನೆಗೇ ಒಂದು ಮಷಿನ್ ತಂದರೆ ಹೇಗೆ?’ ಎಂಬ ಯೋಚನೆ ಬರುವುದು ಸಹಜ. ಪಿಯುಸಿ ಮುಗಿಸಿ ಮನೆಯಲ್ಲಿರುವ ಮಗಳು ಹೊಲಿಗೆ ಕಲಿತಿದ್ದರಂತೂ ಆ ಯೋಚನೆ ಇನ್ನಷ್ಟು ಗಟ್ಟಿಯಾಗುತ್ತದೆ.

2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾಗಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ನಿಗದಿಯಾದ ಮೇಲೆ ಆ ಹಣ ಕೂಡಿಟ್ಟು ಹೊಲಿಗೆ ಯಂತ್ರ ಕೊಂಡವರ ಸುದ್ದಿ ರಾಜ್ಯದ ಹಲವು ಕಡೆಯಿಂದ ಬಂದಿದೆ. ನಾಲ್ಕೈದು ಕಂತು ಕೂಡಿದರೆ ಸಾದಾ ಮಷಿನ್ ಬರುತ್ತದೆ ನಿಜ. ಆದರೆ ತಪ್ಪು ಮಷಿನ್ ತಂದರೆ ಅದು ಆರು ತಿಂಗಳಲ್ಲಿ ಮಡಚಿದ ಬಟ್ಟೆ ಇಡುವ ಮೇಜಾಗುತ್ತದೆ. ಅಂಥ ಮೇಜುಗಳು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ.

ಮೊದಲು ಅಗ್ಗದ ಆಸೆಯ ಮಾತು. ಅಂಗೈಯಲ್ಲಿ ಹಿಡಿದು ಒತ್ತುವ ಪುಟ್ಟ ಪ್ಲಾಸ್ಟಿಕ್ ಮಷಿನ್ನುಗಳು ಮೊಬೈಲಿನಲ್ಲಿ ಬುಕ್ ಮಾಡಿದರೆ ಕೆಲವೇ ನೂರು ರೂಪಾಯಿಗೆ ಮನೆಗೆ ಬರುತ್ತವೆ. ಅವು ಹಾಕುವುದು ಒಂದೇ ದಾರದ ಸರಪಳಿ ಹೊಲಿಗೆ. ಇದೇನೆಂದು ಮಕ್ಕಳು ಮನೆಯಲ್ಲೇ ನೋಡಬಹುದು. ಯೂರಿಯಾ ಚೀಲದ ಅಥವಾ ಅಕ್ಕಿ ಚೀಲದ ಬಾಯಿಯ ದಾರವನ್ನು ಸರಿಯಾದ ತುದಿಯಿಂದ ಎಳೆದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆಯಲ್ಲವೇ? ಒಂದು ಕುಣಿಕೆಯೊಳಗೆ ಇನ್ನೊಂದು ಕುಣಿಕೆ ಸಿಕ್ಕಿಸುತ್ತ ಹೋದ ಹೊಲಿಗೆ ಅದು. ಕೊನೆಯ ಕುಣಿಕೆ ಸಡಿಲಿದರೆ ಉಳಿದವಕ್ಕೆ ಆಸರೆಯೇ ಇಲ್ಲ. ಚೀಲಕ್ಕೆ ಬೇಕಾದದ್ದೂ ಅದೇ. ಮಗನ ಚಡ್ಡಿಗೆ ಮಾತ್ರ ಅದು ಬೇಡ.

ದರ್ಜಿಯ ಮಷಿನ್ ಎರಡು ದಾರ ಬಳಸುತ್ತದೆ. ಮೇಲಿನದು ಸೂಜಿಯಲ್ಲಿ, ಕೆಳಗಿನದು ಬಾಬಿನ್ನಿನಲ್ಲಿ. ಸೂಜಿ ಬಟ್ಟೆ ತೂರಿ ಕೆಳಗಿಳಿದು ಕೂದಲೆಳೆಯಷ್ಟು ಮೇಲೇಳುವಾಗ ದಾರ ಸಡಿಲಾಗಿ ಒಂದು ಸಣ್ಣ ಕುಣಿಕೆಯಾಗುತ್ತದೆ. ಕೆಳಗಿನ ಕೊಕ್ಕೆ ಅದನ್ನು ಹಿಡಿದು ಬಾಬಿನ್ನಿನ ಸುತ್ತ ದಾಟಿಸುತ್ತದೆ. ಎರಡೂ ದಾರ ಬಟ್ಟೆಯ ದಪ್ಪದ ನಡುವೆ ಒಂದನ್ನೊಂದು ಬಿಗಿದುಕೊಳ್ಳುತ್ತವೆ. ಇಂಥ ಹೊಲಿಗೆಯ ಯಂತ್ರಕ್ಕೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ. ಕೈಸೂಜಿಯ ಕಣ್ಣು ಹಿಂದಿನ ತುದಿಯಲ್ಲಿದ್ದರೆ ಅವನ ಯಂತ್ರದ ಸೂಜಿಯ ಕಣ್ಣು ಮೊನೆಯ ಹತ್ತಿರವಿತ್ತು. 1851ರಲ್ಲಿ ಪೇಟೆಂಟ್ ಪಡೆದ ಐಸಾಕ್ ಸಿಂಗರ್‌ನ ಕಂಪನಿ ಮುಂದೆ ಮಷಿನ್ನನ್ನು ಕಂತಿನ ಮೇಲೆ ಮಾರಿ ಸಾಮಾನ್ಯರ ಮನೆಗೆ ಮುಟ್ಟಿಸಿತು. ಯಂತ್ರಗಳ ಬಗ್ಗೆ ಅಷ್ಟೊಂದು ಅನುಮಾನವಿದ್ದ ಗಾಂಧೀಜಿಯೂ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ನಮ್ಮ ದೇಶದಲ್ಲೇ ತಯಾರಾದ ಉಷಾ ಮಷಿನ್ನುಗಳು ಕಲ್ಕತ್ತದಿಂದ ಹೊರಬಂದದ್ದು 1930ರ ದಶಕದಲ್ಲಿ.

ಇನ್ನು ಅಂಗಡಿಗೆ ಹೋಗೋಣ. ಅಲ್ಲಿ ಮುಖ್ಯವಾಗಿ ಎರಡು ಜಾತಿಯ ಮಷಿನ್ ಕಾಣುತ್ತವೆ. ಒಂದು, ಕಪ್ಪು ಬಣ್ಣದ ಬೀಡುಕಬ್ಬಿಣದ ಸಾದಾ ಮಷಿನ್. ನೇರ ಹೊಲಿಗೆ ಬಿಟ್ಟು ಬೇರೇನೂ ಬಾರದು. ಕಾಲಲ್ಲಿ ತುಳಿಯುವ ಸ್ಟ್ಯಾಂಡ್ ಸಮೇತ, ಕಂಪನಿ ನೋಡಿಕೊಂಡು, ಸುಮಾರು 6ರಿಂದ 9 ಸಾವಿರ ರೂಪಾಯಿ. ಇನ್ನೊಂದು, ಬಿಳಿ ಬಣ್ಣದ, ಕರೆಂಟಿನ ಜಿಗ್‌ಜಾಗ್ ಮಷಿನ್. ಗುಂಡಿ ಮನೆ ಮಾಡುತ್ತದೆ, ಅಂಚು ಕಟ್ಟುತ್ತದೆ, ಹೂವು ಬಳ್ಳಿ ಹಾಕುತ್ತದೆ. ಇದಕ್ಕೆ 10ರಿಂದ 15 ಸಾವಿರ ಬೇಕು. ಹುಡುಗಿಯರ ಕಣ್ಣು ಸಾಮಾನ್ಯವಾಗಿ ಹೂವು ಬಳ್ಳಿಯ ಮೇಲೆ ಬೀಳುತ್ತದೆ, ಅಂಗಡಿಯವನೂ ಮೊದಲು ಅದನ್ನೇ ತೋರಿಸುತ್ತಾನೆ.

ಆದರೆ ನಮ್ಮ ಮನೆಗಳಲ್ಲಿ ಹೊಲಿಯುವುದೇನು? ಸಮವಸ್ತ್ರ, ಕುಬಸ, ಲಂಗ, ದಿಂಬಿನ ಚೀಲ, ಸೀರೆಗೆ ಫಾಲ್, ಹರಿದ ಪ್ಯಾಂಟಿಗೆ ತೇಪೆ. ನೂರಕ್ಕೆ ತೊಂಬತ್ತು ಪಾಲು ನೇರ ಹೊಲಿಗೆಯ ಕೆಲಸವೇ. ಅಂಗಡಿಗೆ ಹೋಗುವಾಗ ಮನೆಯಿಂದ ಮೂರು ತುಂಡು ಬಟ್ಟೆ ಒಯ್ಯುವುದು ಒಳ್ಳೆಯದು: ಒಂದು ಖಣದ ತುಂಡು, ಒಂದು ಸಮವಸ್ತ್ರದ ತುಂಡು, ಒಂದು ಹಳೆಯ ಕೌದಿಯ ಮೂಲೆ. ಮೂರನ್ನೂ ಹೊಲಿಸಿ ನೋಡಬೇಕು. ನಾಲ್ಕು ಪದರದ ಕೌದಿಯ ಮೇಲೆ ಸಾದಾ ಮಷಿನ್ ನಿಧಾನಕ್ಕಾದರೂ ನಡೆಯುತ್ತದೆ; ಹಗುರ ಜಿಗ್‌ಜಾಗ್ ಮಷಿನ್ ಅಲ್ಲಿ ಮುಕ್ಕಿರಿಯುವುದೇ ಹೆಚ್ಚು.

ಕರೆಂಟಿನ ಲೆಕ್ಕವನ್ನೂ ಇಲ್ಲೇ ಮಾಡಿಬಿಡೋಣ. 100 ವಾಟಿನ ಮೋಟಾರು ದಿನಕ್ಕೆ ಮೂರು ತಾಸು ಓಡಿದರೆ ತಿಂಗಳಿಗೆ 9 ಯೂನಿಟ್. ಅದು ಭಾರವಲ್ಲ. ಭಾರವಾಗುವುದು ಹಬ್ಬದ ಹಿಂದಿನ ದಿನ ಕರೆಂಟ್ ಹೋದಾಗ. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದರೆ ಮೋಟಾರು ಬಲ ಕಳೆದುಕೊಳ್ಳುತ್ತದೆ. ತುಳಿಯುವ ಮಷಿನ್ನಿಗೆ ಈ ತಾಪತ್ರಯವಿಲ್ಲ. ಕೆಲಸ ಹೆಚ್ಚಿದರೆ ಅದಕ್ಕೇ ಮುಂದೆ ಒಂದು ಮೋಟಾರು ಕಟ್ಟಿಸಬಹುದು. ಹಾಗೆ ಕಟ್ಟಲು ಜಾಗವಿದೆಯೇ ಎಂದು ಕೊಳ್ಳುವಾಗಲೇ ಕೇಳಿರಿ.

ತುಳಿಯುವ ಮಷಿನ್ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗಶಾಲೆಯೂ ಹೌದು. ಕಾಲಿನ ಮೇಲೆ-ಕೆಳಗೆ ಚಲನೆ ಕೆಳಗಿನ ದೊಡ್ಡ ಗಾಲಿಯಲ್ಲಿ ವೃತ್ತ ಚಲನೆಯಾಗುತ್ತದೆ. ಬೆಲ್ಟ್ ಅದನ್ನು ಮೇಲಿನ ಸಣ್ಣ ಗಾಲಿಗೆ ಒಯ್ಯುತ್ತದೆ. ದೊಡ್ಡ ಗಾಲಿಯನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಸೂಜಿ ಎಷ್ಟು ಸಲ ಇಳಿಯಿತೆಂದು ಎಣಿಸಿ ನೋಡಿ. ನಾಲ್ಕು ಸಲ ಎನ್ನಿ. ನಿಮಿಷಕ್ಕೆ 60 ಸಲ ತುಳಿದರೆ 240 ಹೊಲಿಗೆ. ಒಂದೊಂದು ಹೊಲಿಗೆ ಎರಡೂವರೆ ಮಿಲಿಮೀಟರ್ ಆದರೆ ನಿಮಿಷಕ್ಕೆ 60 ಸೆಂಟಿಮೀಟರ್. ಶುರುವಿಗೆ ಮೇಲಿನ ಗಾಲಿಯನ್ನು ಕೈಯಿಂದ ತಳ್ಳಬೇಕೇಕೆ? ತುಳಿಯುವ ಹಲಗೆಯ ಕೋಲು, ಗಾಲಿಯ ನಡುಬಿಂದು, ಅದರ ಹಿಡಿ ಒಂದೇ ಗೆರೆಯಲ್ಲಿ ನಿಂತಾಗ ಎಷ್ಟು ಒತ್ತಿದರೂ ಗಾಲಿ ತಿರುಗದು. ಒಮ್ಮೆ ಚಲಿಸಿದರೆ ಗಾಲಿಯ ಜಡತ್ವವೇ ಆ ಬಿಂದುವನ್ನು ದಾಟಿಸುತ್ತದೆ.

ಹಳೆಯ ಮಷಿನ್ ಕೊಳ್ಳಬಾರದೇ? ಧಾರಾಳವಾಗಿ ಕೊಳ್ಳಬಹುದು, ನೋಡಿ ಕೊಳ್ಳಬೇಕು ಅಷ್ಟೆ. ಬೀಡುಕಬ್ಬಿಣದ ಮಷಿನ್ ಎರಡು ತಲೆಮಾರು ಬಾಳುತ್ತದೆ. ಬಣ್ಣ ಹೊಡೆದು ಹೊಳೆಸಿದ್ದನ್ನು ನಂಬಬೇಡಿ. ಗಾಲಿಯನ್ನು ಕೈಯಿಂದ ನಿಧಾನ ತಿರುಗಿಸಿ, ಎಲ್ಲೂ ಹಿಡಿಯಬಾರದು. ಸೂಜಿ ಕಡ್ಡಿಯನ್ನು ಬೆರಳಲ್ಲಿ ಹಿಡಿದು ಅಲುಗಿಸಿದರೆ ಗಡಗಡ ಎನ್ನಬಾರದು. ಬಟ್ಟೆ ತಳ್ಳುವ ಹಲ್ಲುಗಳ ಮೊನೆ ಸವೆದಿದ್ದರೆ ಬಟ್ಟೆ ಜಾರುತ್ತದೆ. ಬಾಬಿನ್ ಕೂರುವ ಜಾಗದಲ್ಲಿ ತುಕ್ಕು ಕಂಡರೆ ಎದ್ದು ಬನ್ನಿ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿದು ಊರಿಗೆ ಮರಳಿದವರು ಅಲ್ಲಿಯ ಜೂಕಿ ಮಷಿನ್ನನ್ನೇ ಹುಡುಕುತ್ತಾರೆ. ಅದರ ವೇಗ ನಿಮಿಷಕ್ಕೆ ಸಾವಿರಾರು ಹೊಲಿಗೆ. ಕರೆಂಟಿಲ್ಲದೆ ನಡೆಯದು, ಸೂಜಿಯೂ ಬೇರೆ. ದಿನವಿಡೀ ಹೊಲಿಯುವ ಅಂಗಡಿ ಇಡುವವರಿಗೆ ಅದು ಸರಿ, ಮನೆಗೆ ಹೆಚ್ಚಾಯಿತು.

ಬೆಲೆಗಿಂತಲೂ ಮೊದಲು ಕೇಳಬೇಕಾದದ್ದು ರಿಪೇರಿಯ ಮಾತು. ಸುರಪುರದಿಂದಾಗಲಿ ಶಹಾಪುರದಿಂದಾಗಲಿ ರೈಲಿಲ್ಲ. ಬೀಡುಕಬ್ಬಿಣದ ಮಷಿನ್ನಿನ ತಲೆಭಾಗವೇ ಹತ್ತು ಕಿಲೋಗೂ ಹೆಚ್ಚು. ಕೆಟ್ಟಾಗಲೆಲ್ಲ ಅದನ್ನು ಬಸ್ಸಿನಲ್ಲಿ ಹೊತ್ತು ಯಾದಗಿರಿಗೋ ಕಲಬುರಗಿಗೋ ಹೋಗುವುದಾದರೆ ಅಗ್ಗದ ಮಷಿನ್ ಅಗ್ಗವಾಗಿ ಉಳಿಯದು. ಆದ್ದರಿಂದ ನಿಮ್ಮ ಊರಿನ ದರ್ಜಿಯನ್ನು, ಮಷಿನ್ ಬಿಚ್ಚಿ ಜೋಡಿಸುವವರನ್ನು ಮೊದಲು ವಿಚಾರಿಸಿ: ‘ಯಾವ ಕಂಪನಿದು ನಿಮಗ ಸಲೀಸು? ಸಾಮಾನು ಇಲ್ಲೇ ಸಿಗತಾವೇನ್ರೀ?’ ಅವರು ಹೇಳಿದ ಹೆಸರೇ ನಿಮಗೆ ಸರಿಯಾದ ಹೆಸರು.

ಹೊಲಿಗೆಯನ್ನೇ ದುಡಿಮೆ ಮಾಡಿಕೊಂಡವರಿಗೆ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಆರಂಭವಾಗಿದೆ. ಅದರ 18 ಕಸುಬುಗಳಲ್ಲಿ ದರ್ಜಿಯದೂ ಒಂದು. ವಯಸ್ಸು 18 ತುಂಬಿರಬೇಕು, ಮನೆಗೆ ಒಬ್ಬರಿಗೆ ಮಾತ್ರ. ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಮೊದಲ ಹಂತದಲ್ಲಿ ಶೇಕಡಾ 5ರ ಬಡ್ಡಿಗೆ ಒಂದು ಲಕ್ಷದವರೆಗೆ ಸಾಲ. ಮನೆಬಳಕೆಗಷ್ಟೇ ಮಷಿನ್ ಬೇಕೆನ್ನುವವರಿಗೆ ಇದು ಅನ್ವಯಿಸದು.

ಮಷಿನ್ ಮನೆಗೆ ಬಂದ ಮೇಲೆ ಕೆಡುವುದು ಹೆಚ್ಚಾಗಿ ಎಣ್ಣೆಯಿಂದ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಹಾಕಬಾರದು. ಗಾಳಿಗೆ ಕ್ರಮೇಣ ಜಿಗುಟಾಗಿ, ಹತ್ತಿಯ ಧೂಳು ಅದಕ್ಕಂಟಿ ಒಳಗೆ ಮೇಣದಂತೆ ಕೂರುತ್ತದೆ. ಮಷಿನ್ ಎಣ್ಣೆಯ ಸಣ್ಣ ಬಾಟಲಿ ಒಂದು ವರ್ಷ ಬರುತ್ತದೆ. ಹೊಲಿಗೆ ಅಲ್ಲಲ್ಲಿ ತಪ್ಪುತ್ತಿದ್ದರೆ ಮೆಕ್ಯಾನಿಕ್ಕನನ್ನು ಕರೆಯುವ ಮೊದಲು ಸೂಜಿ ಬದಲಿಸಿ, ತಿರುವುಮುರುವಾಗಿ ಕೂರಿಸಿದ್ದೀರಾ ನೋಡಿ. ಬಟ್ಟೆಯ ಕೆಳಗೆ ದಾರ ಗಂಟುಗಂಟಾದರೆ ತಪ್ಪು ಬಹುತೇಕ ಮೇಲಿನ ದಾರದ್ದು. ಸೂಜಿಯ ಮೇಲೆ 14/90 ಎಂದು ಬರೆದಿದ್ದರೆ ಆ 90 ಎಂದರೆ ಸೂಜಿಯ ದಪ್ಪ 0.90 ಮಿಲಿಮೀಟರ್, ಕುಬಸಕ್ಕೆ, ಅಂಗಿಗೆ ಅದು ಸಾಕು, ಜೀನ್ಸಿಗೆ 16/100 ಬೇಕು. ಹಣ ಕೊಡುವ ಮೊದಲು ಗ್ಯಾರಂಟಿ ಕಾರ್ಡಿನ ಮೇಲೆ ತಾರೀಖು, ಅಂಗಡಿಯ ಮೊಹರು ಹಾಕಿಸಿಕೊಳ್ಳಿ. ಡಬ್ಬಿಯಲ್ಲಿ ಬಾಬಿನ್, ಸೂಜಿ, ತಿರುಪುಳಿ, ಎಣ್ಣೆ ಇವೆಯೇ ಎಂದು ಅಲ್ಲೇ ಬಿಚ್ಚಿ ನೋಡಿ. ಒಯ್ದಿದ್ದ ಆ ಮೂರು ಬಟ್ಟೆಯ ತುಂಡುಗಳನ್ನು ಮಾತ್ರ ಅಂಗಡಿಯಲ್ಲೇ ಮರೆತು ಬರಬೇಡಿ. ಮನೆಯಲ್ಲಿ ಮಷಿನ್ ಜೋಡಿಸಿದ ಮೇಲೆ ಹೊಲಿಗೆ ಅಂಗಡಿಯಲ್ಲಿ ಬಂದಂತೆಯೇ ಬರುತ್ತಿದೆಯೇ ಎಂದು ತಾಳೆ ನೋಡಲು ಅವೇ ಬೇಕು.